ಲಾಜಿಸ್ಟಿಕ್ ಮ್ಯಾಪ್ ಎನ್‌ಕ್ರಿಪ್ಷನ್: ಕೀ ಸ್ಪೇಸ್ 10^30 ಇದ್ದರೆ ಸಾಕಾ?

ಬೈಟ್‌ಬುಟ್ಟಿ:
ಎನ್‌ಕ್ರಿಪ್ಟ್ ಮಾಡೋ (ಗುಟ್ಟಾಗಿಸೋ) ಚಿತ್ರ 512×512, ಗ್ರೇಸ್ಕೇಲ್. ಲಾಜಿಸ್ಟಿಕ್ ಮ್ಯಾಪ್, ಅಂದರೆ ಎಕ್ಸ್ = ಆರ್ × ಎಕ್ಸ್ × (1 − ಎಕ್ಸ್) ಸೂತ್ರವನ್ನು ಮತ್ತೆ ಮತ್ತೆ ಓಡಿಸಿ, ಪ್ರತಿ ಸುತ್ತಿನ ಎಕ್ಸ್ ಅನ್ನು 256ರಿಂದ ಗುಣಿಸಿ, ಪೂರ್ಣಾಂಕವನ್ನು ಪಿಕ್ಸೆಲ್ ಜೊತೆ ಎಕ್ಸಾರ್ (ಬಿಟ್‌ಗೆ ಬಿಟ್ ಹೋಲಿಸಿ, ಬೇರೆ ಇದ್ದರೆ 1, ಒಂದೇ ಇದ್ದರೆ 0) ಮಾಡ್ತೀನಿ. ಕೀ: ಆರಂಭದ ಎಕ್ಸ್, ಮತ್ತು 3.57ರಿಂದ 4ರವರೆಗಿನ ಆರ್. ಎರಡೂ ಡಬಲ್ (64 ಬಿಟ್ ದಶಮಾಂಶ ಸಂಖ್ಯೆ), ತಲಾ 10^15 ಬೆಲೆ, ಒಟ್ಟು 10^30 ಕೀಗಳು; ಇದೇ ಕೀ ಸ್ಪೇಸ್. 2^100 ದಾಟಿದೆ ಅಂತ ರಿಪೋರ್ಟಲ್ಲಿ ಬರೀಬಹುದಾ? ಇನ್ನೊಂದು, ಬೇರೆ ಮಷೀನಲ್ಲಿ ಡಿಕ್ರಿಪ್ಟ್ ಮಾಡಿದರೆ ಮೊದಲ ನಲವತ್ತೈವತ್ತು ಪಿಕ್ಸೆಲ್ ಸರಿ, ಆಮೇಲೆಲ್ಲ ಕಸ. ಯಾಕೆ?

ಶೇಷ_ಭಾಗ:
10^30 ಅಂದರೆ 2^99.66, ದಾಟೇ ಇಲ್ಲ! ಆರ್‌ಗೆ ಸಿಗೋದು ಬರೀ 0.43 ಅಗಲ, ಅಲ್ಲಿ ಇನ್ನೊಂದು ಬಿಟ್‌ಗಿಂತ ಹೆಚ್ಚು ಹೋಯ್ತು. ರೌಂಡಿಂಗ್ (ಕೊನೆಯ ಬಿಟ್‌ಗೆ ಕತ್ತರಿಸಿ ಸರಿಹೊಂದಿಸೋದು) ಬಿಟ್ಟರೆ ಎಕ್ಸ್ ಮತ್ತು 1 − ಎಕ್ಸ್ ಒಂದೇ ಸುತ್ತಿಗೆ ಒಂದೇ ಬೆಲೆಗೆ ಬರುತ್ತವೆ, ಮತ್ತೊಂದು ಬಿಟ್ ಖೋತಾ. ಆ ಹರವಿನ ಒಳಗೂ ತೂತುಗಳಿವೆ. ಆರ್ = 3.83 ಇಟ್ಟು ನೋಡಿ: ಸ್ವಲ್ಪ ಹೊತ್ತಿಗೆ 39, 129, 245, ಮತ್ತೆ 39, 129, 245. ಮೂರೇ ಬೈಟ್ ಸುತ್ತುತ್ತಿರುತ್ತವೆ. 3.8284ರಿಂದ 3.8415ರವರೆಗೆ ಪೂರ್ತಿ ಹೀಗೇ. ಇಂಥ ಸಣ್ಣ ಕಿಂಡಿಗಳು ಇನ್ನೂ ಎಷ್ಟೋ.

ಆದರೆ ಕೀ ಎಣಿಸೋದೇ ವ್ಯರ್ಥ. ಪೂರ್ತಿ ಕಪ್ಪು ಚಿತ್ರ ಎನ್‌ಕ್ರಿಪ್ಟ್ ಮಾಡಿಸಿಕೊಂಡವನಿಗೆ ಕೀಸ್ಟ್ರೀಮ್ (ಪಿಕ್ಸೆಲ್ ಜೊತೆ ಎಕ್ಸಾರ್ ಆಗೋ ಬೈಟ್‌ಗಳ ಸಾಲು) ಹಾಗೇ ಕೈಗೆ ಬರುತ್ತೆ, ಕಪ್ಪು ಪಿಕ್ಸೆಲ್ ಅಂದರೆ 0 ತಾನೇ. ಅದೇ ಕೀಯ ಬೇರೆಲ್ಲ ಚಿತ್ರಗಳೂ ಬಯಲು. ಕೀ ಕೂಡ ಸೋರುತ್ತೆ: ಎಕ್ಸ್ ಮೇಲಕ್ಕೆ ಹೋಗೋದು ಆರ್/4ರವರೆಗೆ ಮಾತ್ರ. ಅತಿ ದೊಡ್ಡ ಬೈಟ್ 249 ಇದ್ದರೆ ಆರ್ 3.89–3.91ರ ಒಳಗೆ ಸಿಕ್ಕಿಬಿತ್ತು. ಆಮೇಲಿನ ಒಂದೊಂದು ಬೈಟೂ ಹುಡುಕಾಟ ಕಿರಿದು ಮಾಡುತ್ತೆ. ಉಳಿದ 2^97 ಕೀಗಳನ್ನು ಒಂದೊಂದಾಗಿ ಯಾರೂ ಹುಡುಕಲ್ಲ.

ತೇಲುಬಿಂದು:
ಡಿಕ್ರಿಪ್ಟ್ ಕಸ ಆಗೋದು ರೌಂಡಿಂಗಿಂದ. (ಆರ್ × ಎಕ್ಸ್) × (1 − ಎಕ್ಸ್) ಮತ್ತು ಆರ್ × (ಎಕ್ಸ್ − ಎಕ್ಸ್ × ಎಕ್ಸ್) ಡಬಲ್‌ನಲ್ಲಿ ಕೊನೆಯ ಬಿಟ್‌ಗೆ ಬೇರೆಯಾಗಬಹುದು. ಗುಣಾಕಾರ-ಸಂಕಲನವನ್ನು ಕಂಪೈಲರ್ ಒಂದೇ ಇನ್‌ಸ್ಟ್ರಕ್ಷನ್‌ಗೆ ಮಡಿಚಿದರೂ ಅದೇ ಕಥೆ. ಆರ್ 4ರ ಹತ್ತಿರ ಇದ್ದರೆ ತಪ್ಪು ಸುತ್ತಿಗೆ ಸುಮಾರು ದುಪ್ಪಟ್ಟು. 2^−53ರಿಂದ ಹೊರಟದ್ದು ಬೈಟಲ್ಲಿ ಕಾಣೋಕೆ 45 ಸುತ್ತು ಸಾಕು. 64 ಬಿಟ್ ಪೂರ್ಣಾಂಕದಲ್ಲೇ ಲೆಕ್ಕ ಮಾಡಿ, ಗುಣಲಬ್ಧ 128 ಬಿಟ್‌ಗೆ ತಗೊಂಡು ಮೇಲಿನ ಅರ್ಧ ಇಟ್ಟುಕೊಳ್ಳಿ. ಎಲ್ಲ ಮಷೀನಲ್ಲೂ ಒಂದೇ ಉತ್ತರ ಬರುತ್ತೆ. ಭದ್ರತೆ ಮಾತ್ರ ಇದರಿಂದ ಬರಲ್ಲ.

ಬೈಟ್‌ಬುಟ್ಟಿ:
ಎನ್‌ಕ್ರಿಪ್ಟ್ ಆದ ಚಿತ್ರದ ಎಂಟ್ರೊಪಿ (ಬೈಟ್‌ಗಳು ಎಷ್ಟು ಸಮವಾಗಿ ಹರಡಿವೆ ಅನ್ನೋ ಅಳತೆ, ಗರಿಷ್ಠ 8) 7.99 ಬಂದಿತ್ತಲ್ಲ?

ಶೇಷ_ಭಾಗ:
ಅದು ಚಿತ್ರದ ಕೃಪೆ. ಆರ್ = 4 ಇಟ್ಟು ಅದೇ ಕಪ್ಪು ಚಿತ್ರ ಕೊಡಿ, 7.65ರ ಆಸುಪಾಸಿಗೆ ಇಳಿಯುತ್ತೆ. ಎಕ್ಸ್ ಬೆಲೆಗಳು 0 ಮತ್ತು 1ರ ಕಡೆಗೇ ಗುಂಪುಗೂಡುತ್ತವೆ. ರಿಪೋರ್ಟಲ್ಲಿ ಕಪ್ಪು ಚಿತ್ರದ ಈ ದಾಳಿಯನ್ನೇ ಮಾಡಿ ತೋರಿಸಿ, ಕೀ ಸ್ಪೇಸ್ ಪ್ಯಾರಾಗಿಂತ ತೂಕ ಜಾಸ್ತಿ. ನಿಜವಾದ ಫೈಲ್‌ಗಳಿಗೆ ಚಾಚಾ20-ಪಾಲಿ1305 ಅನ್ನೋ ಎನ್‌ಕ್ರಿಪ್ಷನ್ ವಿಧಾನ ಬಳಸಿ, ಪ್ರತಿ ಸಲ ಹೊಸ ನಾನ್ಸ್ (ಒಮ್ಮೆ ಮಾತ್ರ ಬಳಸೋ ಸಂಖ್ಯೆ).