1968ರ ಫಿಯಟ್ 1100: ಸಣ್ಣ ಗುಂಡಿಗೆ ಹೊಡೆತ, ದೊಡ್ಡ ಹಂಪ್‌ಗೆ ತೂಗಾಟ. ಸಸ್ಪೆನ್ಷನ್ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಫಿಯಟ್‌ಪ್ರಿಯ, ಸರಸ್ವತಿಪುರಂ, ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಕೊಂಡು, ಬಹುಕಾಲ ತಾವೇ ಓಡಿಸಿದ 1968ರ ಫಿಯಟ್ 1100 ಈಗ ನನ್ನ ಪಾಲಿಗೆ ಬಂದಿದೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಕೆಲಸಗಳು ಮುಗಿದಿವೆ. ಆದರೆ ಗಾಡಿಯ ಓಟ ಇನ್ನೂ ನೆಮ್ಮದಿ ಕೊಡುತ್ತಿಲ್ಲ. ತೇಪೆ ಹಾಕಿದ ಡಾಂಬರು, ಒಳಚರಂಡಿಯ ಮುಚ್ಚಳ, ಅಂಗೈಯಗಲದ ಗುಂಡಿ ಇಂಥವುಗಳ ಮೇಲೆ ಹಾಯ್ದರೆ ಹೊಡೆತ ನೇರವಾಗಿ ಬೆನ್ನಿಗೆ ಬಡಿಯುತ್ತದೆ. ಅದೇ ಗಾಡಿ ದೊಡ್ಡ ಹಂಪ್ ದಾಟಿದ ಮೇಲೆ ಎರಡು ಮೂರು ಬಾರಿ ಮೇಲೆ ಕೆಳಗೆ ತೂಗಾಡಿ ಆಮೇಲಷ್ಟೇ ನಿಲ್ಲುತ್ತದೆ. ಹಿಂದಿನ ಎಡಮಗ್ಗುಲು ಬಲಮಗ್ಗುಲಿಗಿಂತ ತಗ್ಗಿದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಎಡಚಕ್ರದ ಕಡೆಯಿಂದ ‘ಟಕ್’ ಎಂಬ ಸದ್ದು ಬರುತ್ತದೆ.

ನಾನು ತೋರಿಸಿದ ಗ್ಯಾರೇಜಿನಲ್ಲಿ ಹಿಂದಿನ ಎರಡೂ ಕಡೆ ಲೀಫ್ ಸ್ಪ್ರಿಂಗಿಗೆ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್) ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿ, ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳನ್ನು ಗ್ಯಾಸ್ ತುಂಬಿದವುಗಳಿಗೆ ಬದಲಿಸಿ, ರೇಡಿಯಲ್ ಟೈರ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಿದ್ದಾರೆ. ಎಪ್ಪತ್ತೈದು ದಾಟಿದ ತಾಯಿಯವರನ್ನು ಇದೇ ಗಾಡಿಯಲ್ಲಿ ಆಗಾಗ ಮೇಲುಕೋಟೆಗೆ ಕರೆದುಕೊಂಡು ಹೋಗಬೇಕೆಂಬುದು ನನ್ನ ಆಸೆ. ಗಾಡಿಯ ಮೂಲ ಸ್ವರೂಪವೂ ಕೆಡಬಾರದು, ಮುಂದೆ ವಿಂಟೇಜ್ ನೋಂದಣಿಗೂ ಅಡ್ಡಿಯಾಗಬಾರದು. ಯಾವ ಕೆಲಸವನ್ನು ಮೊದಲು ಹಿಡಿಯಬೇಕು ಎಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹಳೇಗಾಡಿ ಮೇಸ್ತ್ರಿ, ಮಂಡ್ಯ:

ಸರ್, ಪಟ್ಟಿ ಹೆಚ್ಚಿಗೆ ಹಾಕಿಸುವ ಕೆಲಸವನ್ನು ದಯವಿಟ್ಟು ಸದ್ಯಕ್ಕೆ ನಿಲ್ಲಿಸಿ. ನೀವು ಹೇಳಿದ ಎರಡು ಲಕ್ಷಣಗಳು ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಎರಡೂ ಸೇರಿ ರೋಗವನ್ನು ಸ್ಪಷ್ಟವಾಗಿಯೇ ಹೇಳುತ್ತಿವೆ. ನಿಮ್ಮ ಗಾಡಿಗೆ ಮುಂದೆ ಎರಡು ವಿಶ್‌ಬೋನ್‌ಗಳ (ಚಕ್ರವನ್ನು ಗಾಡಿಗೆ ಹಿಡಿದಿಡುವ ಕವಲು ತೋಳುಗಳ) ನಡುವೆ ಕಾಯಿಲ್ ಸ್ಪ್ರಿಂಗ್ ಇದೆ, ಹಿಂದೆ ಗಟ್ಟಿ ಆಕ್ಸಲ್ ಕೆಳಗೆ ಪಟ್ಟಿಗಳ ಕಟ್ಟು ಇದೆ. ಚಕ್ರ ಮೇಲೆದ್ದಾಗ ಈ ಪಟ್ಟಿಗಳು ಬಾಗುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರಲೂ ಬೇಕು. ಐವತ್ತು ವರ್ಷದ ತುಕ್ಕು, ಮಣ್ಣು ಸೇರಿ ಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಸಣ್ಣ ಗುಂಡಿಯ ಬಲ ಅವುಗಳನ್ನು ಜಾರಿಸಲು ಸಾಲುವುದಿಲ್ಲ. ಇಡೀ ಕಟ್ಟು ಒಂದೇ ದಪ್ಪ ಕಬ್ಬಿಣದ ತುಂಡಿನಂತೆ ವರ್ತಿಸಿ ಹೊಡೆತವನ್ನು ಹಾಗೆಯೇ ಮೇಲಕ್ಕೆ ಕಳಿಸುತ್ತದೆ. ದೊಡ್ಡ ಹಂಪ್ ಬಂದಾಗ ಮಾತ್ರ ಆ ಕಚ್ಚು ಬಿಟ್ಟು ಪಟ್ಟಿಗಳು ಚಲಿಸುತ್ತವೆ, ಆಗ ಅವುಗಳನ್ನು ಹಿಡಿದು ನಿಲ್ಲಿಸಬೇಕಾದ ಶಾಕ್ ಅಬ್ಸಾರ್ಬರ್ ಸತ್ತಿರುವುದರಿಂದ ಗಾಡಿ ತೂಗಾಡುತ್ತದೆ. ಈ ಸ್ಥಿತಿಯಲ್ಲಿ ಇನ್ನೊಂದು ಪಟ್ಟಿ ಸೇರಿಸಿದರೆ ಕಟ್ಟು ಇನ್ನಷ್ಟು ಗಡಸಾಗುತ್ತದೆ, ಉಜ್ಜಾಟಕ್ಕೆ ಇನ್ನೊಂದು ಜಾಗ ಹುಟ್ಟುತ್ತದೆ, ತಾಯಿಯವರ ಬೆನ್ನಿಗೆ ಇನ್ನಷ್ಟು ಪೆಟ್ಟು ಬೀಳುತ್ತದೆ.

ಕಾರಿನ ದೇಹ ಸ್ಪ್ರಿಂಗ್ ಮೇಲೆ ನಿಮಿಷಕ್ಕೆ ಸುಮಾರು 60ರಿಂದ 90 ಬಾರಿ ತೂಗುವಂತಿದ್ದರೆ ಮನುಷ್ಯರ ಮೈಗೆ ಹಿತವೆನಿಸುತ್ತದೆ. ಅದು ನಾವು ನಡೆಯುವ ಲಯಕ್ಕೆ ಹತ್ತಿರದ್ದು. ಸ್ಪ್ರಿಂಗ್ ಗಡಸು ಮಾಡಿದಷ್ಟೂ ಆ ಲಯ ವೇಗವಾಗುತ್ತದೆ. ಈ ಗಾಡಿಯನ್ನು ರೂಪಿಸಿದವರು ಅದನ್ನು ಲೆಕ್ಕ ಹಾಕಿಯೇ ಪಟ್ಟಿಗಳ ಸಂಖ್ಯೆಯನ್ನು ಇಟ್ಟಿದ್ದಾರೆ. ನಮ್ಮ ಕೆಲಸ ಆ ಲೆಕ್ಕವನ್ನು ತಿದ್ದುವುದಲ್ಲ, ಅದು ಮತ್ತೆ ನಡೆಯುವಂತೆ ಮಾಡುವುದು.

ಆದ್ದರಿಂದ ಆರಂಭ ಟೈರಿನಿಂದ ಆಗಲಿ. ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಗುರುತಿರುತ್ತದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಟೈರಿನ ಮೇಲಿನ ಗೀರುಗಳು (ಟ್ರೆಡ್) ಎಷ್ಟೇ ಆಳ ಉಳಿದಿದ್ದರೂ ಹತ್ತು ವರ್ಷ ದಾಟಿದ ರಬ್ಬರು ಮರದಂತಾಗಿರುತ್ತದೆ, ಅದರ ಮೇಲೆ ಕುಟುಂಬವನ್ನು ಕೂರಿಸಬಾರದು. ಗಾಳಿಯನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಹಾಕಿಸಿ. ಬಂಕಿನಲ್ಲಿ ಇಂದಿನ ಕಾರುಗಳ ಲೆಕ್ಕದಲ್ಲಿ ತುಂಬಿಬಿಡುತ್ತಾರೆ. ಒಂಬತ್ತು ನೂರು ಕಿಲೋ ಆಸುಪಾಸಿನ ಈ ಹಗುರ ಗಾಡಿಗೆ ಅಷ್ಟು ಬೇಕಿಲ್ಲ. ರೇಡಿಯಲ್ ಹಾಕುವುದಾದರೆ ನಾಲ್ಕಕ್ಕೂ ಹಾಕಿ. ಮುಂದೆ ರೇಡಿಯಲ್, ಹಿಂದೆ ಹಳೆಯ ಮಾದರಿಯ ಕ್ರಾಸ್‌ಪ್ಲೈ ಇದ್ದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ, ಇದು ನಿಜಕ್ಕೂ ಅಪಾಯದ ವಿಷಯ.

ಟೈರಿನ ನಂತರ, ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳು: ವಿಶ್‌ಬೋನ್ ಬುಷ್, ಪಟ್ಟಿಯ ಕಣ್ಣಿನ (ತುದಿಯ ಸುರುಳಿಯ) ಬುಷ್, ಶ್ಯಾಕಲ್ (ಪಟ್ಟಿಯ ತುದಿಯನ್ನು ಬಾಡಿಗೆ ಸೇರಿಸುವ ಕೊಂಡಿ) ಬುಷ್, ಸ್ಟೆಬಿಲೈಸರ್ ಬಾರಿನ (ತಿರುವಿನಲ್ಲಿ ವಾಲಾಟ ತಡೆಯುವ ಸರಳಿನ) ರಬ್ಬರ್, ಶಾಕ್ ಅಬ್ಸಾರ್ಬರಿನ ಎರಡು ತುದಿಯ ರಬ್ಬರ್. ನಮ್ಮ ಕಡೆ ವಾಟರ್ ಸರ್ವಿಸ್ ಆದ ಮೇಲೆ ಗಾಡಿಯ ಅಡಿಗೆ ಡೀಸೆಲನ್ನೋ ಹಳೆಯ ಎಂಜಿನ್ ಆಯಿಲನ್ನೋ ಸಿಂಪಡಿಸುವ ರೂಢಿಯಿದೆ. ತುಕ್ಕಿಗೆ ಅದರಿಂದ ಸ್ವಲ್ಪ ತಡೆಯಾದೀತು, ಆದರೆ ರಬ್ಬರ್ ಅದರಿಂದ ಊದಿ, ಮೆತ್ತಗಾಗಿ, ಕೊನೆಗೆ ಹಲ್ವದಂತೆ ಕೈಗೆ ಅಂಟುತ್ತದೆ. ಆ ಸಿಂಪಡಣೆಯನ್ನು ಇಂದೇ ನಿಲ್ಲಿಸಿ.

‘ಟಕ್’ ಸದ್ದಿಗೆ ಮುಂದಿನ ಎಡಚಕ್ರವನ್ನು ಜಾಕಿಯಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲು ಕೆಳ ಅಂಚುಗಳನ್ನು ಹಿಡಿದು ಅಲುಗಾಡಿಸಿ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆ ಆಟ ನಿಂತರೆ ಚಕ್ರದ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲುಕಡ್ಡಿಯಾದ ಕಿಂಗ್‌ಪಿನ್ ಅಥವಾ ವಿಶ್‌ಬೋನ್ ಬುಷ್ ಸವೆದಿದೆ. ಕಿಂಗ್‌ಪಿನ್‌ಗೆ ಗ್ರೀಸ್ ಗನ್ ಹಿಡಿದಾಗ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೂ ಒತ್ತಿ.

ಪಟ್ಟಿ ಕೆಲಸ, ಮದ್ದೂರು:

ಮೇಸ್ತ್ರಿಯವರ ಮಾತು ಸರಿ. ಪಟ್ಟಿಯ ವಿಷಯವನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಕಟ್ಟನ್ನು ಇಳಿಸಿದ ಮೇಲೆ ನಡುವಿನ ಬೋಲ್ಟ್ ತೆಗೆಯುವ ಮುನ್ನ ಅದನ್ನು ಸಿ-ಕ್ಲ್ಯಾಂಪಿನಲ್ಲಿ ಬಿಗಿಹಿಡಿದಿರಬೇಕು. ಇಲ್ಲದಿದ್ದರೆ ಪಟ್ಟಿಗಳು ಸಿಡಿದು ಕೈಗೆ ಪೆಟ್ಟಾಗುತ್ತದೆ. ಬಿಚ್ಚಿದ ನಂತರ ಪ್ರತಿ ಪಟ್ಟಿಯ ತುದಿ ಅದರ ಮೇಲಿನ ಪಟ್ಟಿಯನ್ನು ತಾಗುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಕಚ್ಚು ಬಿದ್ದಿರುತ್ತದೆ. ಪಟ್ಟಿ ಜಾರುವಾಗ ತುದಿ ಆ ಕಚ್ಚಿನಲ್ಲಿ ಕೂತುಕೊಳ್ಳುವುದರಿಂದಲೇ ಗಾಡಿ ಒರಟಾಗುತ್ತದೆ. ಕಚ್ಚು ಆಳವಾಗಿದ್ದರೆ, ಅಥವಾ ಅಡ್ಡಗೆರೆಯಂಥ ಸೀಳು ಕಂಡರೆ, ಆ ಪಟ್ಟಿಯನ್ನು ಬದಲಿಸಬೇಕು. ಸೀಳಿದ ಪಟ್ಟಿಗೆ ಎಂದೂ ವೆಲ್ಡಿಂಗ್ ಮಾಡಿಸಬಾರದು. ಕಚ್ಚು ತೆಳುವಾಗಿದ್ದರೆ ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಉಜ್ಜಿ ನಯಮಾಡಿ, ತುದಿಯ ಚೂಪು ಅಂಚನ್ನು ಅರದಿಂದ ದುಂಡಗೆ ಮಾಡಿ, ಗ್ರಾಫೈಟ್ ಗ್ರೀಸ್ ತೆಳುವಾಗಿ ಸವರಿ ಜೋಡಿಸಿದರೆ ಸಾಕು. ತುದಿಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ತೆಳು ಹಾಳೆ ಇಟ್ಟರೆ ಇನ್ನೂ ಒಳ್ಳೆಯದು; ಅದು ಹೊರಗೆ ಕಾಣುವುದೂ ಇಲ್ಲ, ಯಾವಾಗ ಬೇಕಾದರೂ ತೆಗೆಯಬಹುದು.

ಎಡಮಗ್ಗುಲು ತಗ್ಗಿರುವುದಕ್ಕೆ ಹಿಂದಿನ ಪಟ್ಟಿಯೇ ಕಾರಣವೆಂದು ಈಗಲೇ ತೀರ್ಮಾನಿಸಬೇಡಿ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಅಡ್ಡ ತೊಲೆಯ ನಟ್ಟನಡುವೆ ಜಾಕಿ ಇಟ್ಟು ಮುಂದಿನ ಚಕ್ರಗಳು ನೆಲ ಬಿಡುವಷ್ಟು ಎತ್ತಿ, ಹಿಂದಿನ ಎರಡೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ಆಗ ಗಾಡಿಯ ವಾಲುವಿಕೆ ಹಿಂದಿನ ಪಟ್ಟಿಗಳಿಂದ ಮಾತ್ರ ಬಂದದ್ದಾಗಿರುತ್ತದೆ. ಎರಡು ಅಳತೆಯೂ ಸಮವಾದರೆ ದೋಷ ಮುಂದಿನ ಕಾಯಿಲ್‌ನಲ್ಲಿದೆ. ಈ ಅಳತೆಯ ಹೊತ್ತಿನಲ್ಲಿ ಯಾರೂ ಗಾಡಿಯ ಅಡಿಗೆ ಹೋಗಬಾರದು.

ಪಟ್ಟಿ ನಿಜಕ್ಕೂ ಕುಸಿದಿದ್ದರೆ ಎರಡೂ ಕಡೆಯವನ್ನು ಒಟ್ಟಿಗೇ ಬಾಗು ಕೊಡಿಸಿ. ನಮ್ಮ ಜಿಲ್ಲೆಯಲ್ಲಿ ಪಟ್ಟಿ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರಾಕ್ಟರ್ ಟ್ರೈಲರುಗಳು, ಲಾರಿಗಳು ಅವರನ್ನು ಬಿಡುವಾಗಿರಲು ಬಿಡುವುದಿಲ್ಲ. ಆದರೆ ಅವರ ಕಣ್ಣಿಗೆ ಪಟ್ಟಿಯೆಂದರೆ ಹೊರೆ ಹೊರುವ ವಸ್ತು. ನೀವು ಏನೂ ಹೇಳದೆ ಬಿಟ್ಟು ಬಂದರೆ ಒಳ್ಳೆಯ ಮನಸ್ಸಿನಿಂದಲೇ ದಪ್ಪ ಪಟ್ಟಿ ಸೇರಿಸಿ ಕಳಿಸುತ್ತಾರೆ. ಪಟ್ಟಿಯ ದಪ್ಪ ಒಂದಿಷ್ಟು ಹೆಚ್ಚಿದರೂ ಗಡಸುತನ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಆದ್ದರಿಂದ ಸಂಖ್ಯೆ, ದಪ್ಪ, ಬಾಗು ಮೂರನ್ನೂ ಚೀಟಿಯಲ್ಲಿ ಬರೆದು ಕೊಟ್ಟು, ಆದಷ್ಟು ಎದುರಿಗೇ ನಿಂತು ಮಾಡಿಸಿ.

ಜೋಡಿಸುವಾಗ ಇನ್ನೊಂದು ಮಾತು. ಕಣ್ಣಿನ ಬೋಲ್ಟನ್ನೂ ಶ್ಯಾಕಲ್ ಬೋಲ್ಟನ್ನೂ ಗಾಡಿ ಜಾಕಿಯ ಮೇಲಿದ್ದಾಗ ಪೂರ್ತಿ ಬಿಗಿಯಬಾರದು. ಚಕ್ರಗಳು ನೆಲಕ್ಕೆ ಬಂದು, ಗಾಡಿಯ ಭಾರ ಪಟ್ಟಿಯ ಮೇಲೆ ಕೂತ ಮೇಲೆಯೇ ಬಿಗಿಯಬೇಕು. ಇಲ್ಲವಾದರೆ ಹೊಸ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಗಾಡಿ ಗಡಸಾಗುತ್ತದೆ, ಕೆಲವೇ ತಿಂಗಳಲ್ಲಿ ಬುಷ್ ಹರಿಯುತ್ತದೆ. ಪಾಲಿಯುರಿಥೇನ್ ಬುಷ್ ಬಾಳಿಕೆ ಬರುತ್ತದೆಂದು ಮಾರುವವರಿದ್ದಾರೆ. ನಿಮಗೆ ಬೇಕಾದದ್ದು ಮೆತ್ತನೆಯ ಓಟವಾದ್ದರಿಂದ ರಬ್ಬರೇ ಇರಲಿ.

ವಿ.ವಿ. ಮೊಹಲ್ಲಾ ವಾಸಿ, ಮೈಸೂರು:

ನೋಂದಣಿಯ ಬಗ್ಗೆ ಒಂದು ಎಚ್ಚರಿಕೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರುವ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ, ಅದಕ್ಕೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಬುಷ್, ಶಾಕ್ ಅಬ್ಸಾರ್ಬರ್, ಪಟ್ಟಿಯ ದುರಸ್ತಿ ಇವೆಲ್ಲ ಮೂಲ ಅಳತೆಯಲ್ಲೇ ನಡೆದರೆ ಚಿಂತೆಯಿಲ್ಲ. ಶಾಕ್ ಕೂರಿಸಲೆಂದು ಬಾಡಿಯನ್ನು ಕತ್ತರಿಸುವುದು, ಬ್ರಾಕೆಟ್ ವೆಲ್ಡ್ ಮಾಡುವುದು ಬೇಡ. ಆದರೆ ವಿಂಟೇಜ್ ನೋಂದಣಿ ಪಡೆದ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ರಸ್ತೆಗೆ ಇಳಿಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ಅವಕಾಶ. ತಾಯಿಯವರನ್ನು ಮೇಲುಕೋಟೆಗೆ ಕರೆದೊಯ್ಯುವುದು ನಿಮ್ಮ ಮುಖ್ಯ ಉದ್ದೇಶವಾದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವುದು ಒಳಿತೆಂದು ನನ್ನ ಅಭಿಪ್ರಾಯ.

ಇನ್ನೊಂದನ್ನು ಯಾರೂ ಹೇಳಿಲ್ಲ. ಹಿಂದಿನ ಸೀಟನ್ನು ಎತ್ತಿ ನೋಡಿ. ಒಳಗಿನ ಸ್ಪ್ರಿಂಗ್ ಕುಸಿದು, ಮೇಲಿನ ನಾರಿನ ಪದರ ಪುಡಿಯಾಗಿದ್ದರೆ ಸಸ್ಪೆನ್ಷನ್ ಎಷ್ಟೇ ಸರಿಯಾದರೂ ಹಿಂದೆ ಕೂತ ಹಿರಿಯರಿಗೆ ಸುಖವಿರುವುದಿಲ್ಲ.

ಫಿಯಟ್‌ಪ್ರಿಯ, ಸರಸ್ವತಿಪುರಂ, ಮೈಸೂರು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಮೊದಲ ಪರೀಕ್ಷೆಗಳನ್ನು ಮಾಡಿದೆ. ಟೈರುಗಳು 2011ರವು, ಗಾಳಿಯೂ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚಿತ್ತು. ಬ್ರೇಕ್ ಒತ್ತಿದರೂ ಮುಂದಿನ ಎಡಚಕ್ರದ ಆಟ ನಿಲ್ಲಲಿಲ್ಲ, ಆದ್ದರಿಂದ ಕಿಂಗ್‌ಪಿನ್ ಕಿಟ್ ತರಿಸುತ್ತಿದ್ದೇನೆ. ಮುಂಭಾಗವನ್ನು ನಡುವೆ ಎತ್ತಿ ಅಳೆದಾಗಲೂ ಹಿಂದಿನ ಎಡಮಗ್ಗುಲು ತಗ್ಗಿಯೇ ಇದ್ದುದರಿಂದ ಪಟ್ಟಿಯನ್ನು ಬಿಚ್ಚಿಸುವುದು ಖಚಿತವಾಯಿತು. ಅಲ್ಲಿ ಕೆಳಗೆ ಬಗ್ಗಿ ನೋಡಿದಾಗ ಎಡಗಡೆಯ ಬಂಪ್ ಸ್ಟಾಪ್ ರಬ್ಬರಿಗೂ (ಆಕ್ಸಲ್ ಮಿತಿಮೀರಿ ಮೇಲೇಳದಂತೆ ತಡೆಯುವ ರಬ್ಬರ್) ಆಕ್ಸಲ್‌ಗೂ ನಡುವೆ ಬಲಗಡೆ ಇರುವಷ್ಟು ಜಾಗವಿಲ್ಲವೆಂಬುದೂ ಕಂಡಿತು.

ಒಂದು ಸಂದೇಹ ಉಳಿದಿದೆ. ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟಾಗ ಹಿಂಭಾಗ ಒಮ್ಮೆ ಎದ್ದು ಸುಮ್ಮನೆ ನಿಲ್ಲುತ್ತದೆ. ಹಾಗಿದ್ದರೆ ಹಿಂದಿನ ಶಾಕ್ ಅಬ್ಸಾರ್ಬರುಗಳು ಚೆನ್ನಾಗಿವೆ ಎಂದು ತಿಳಿಯಬಹುದೇ? ಗ್ಯಾಸ್ ತುಂಬಿದವು ಬೇಕೇ?

ಹಳೇಗಾಡಿ ಮೇಸ್ತ್ರಿ, ಮಂಡ್ಯ:

ಹಾಗೆ ತಿಳಿಯಬೇಡಿ ಸರ್. ಕಚ್ಚಿಕೊಂಡ ಪಟ್ಟಿಯೇ ಅಲ್ಲಿ ಬ್ರೇಕಿನ ಕೆಲಸ ಮಾಡುತ್ತಿರುತ್ತದೆ, ಅದರಿಂದ ಸತ್ತ ಶಾಕ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಹಂಪ್ ದಾಟಿದ ಮೇಲಿನ ತೂಗಾಟ ನಿಜವನ್ನು ಹೇಳುತ್ತಿದೆ. ಪಟ್ಟಿಯ ಕೆಲಸಕ್ಕೆ ಹೇಗೂ ಬಿಚ್ಚುತ್ತೀರಿ. ಶಾಕನ್ನು ಕೈಯಲ್ಲಿ ನೆಟ್ಟಗೆ ಹಿಡಿದು, ಒಳಗಿನ ಗಾಳಿ ಹೋಗುವವರೆಗೂ ಕೆಲವು ಸಲ ಪೂರ್ತಿ ಎಳೆದು ಒತ್ತಿ, ಆಮೇಲೆ ಗಮನಿಸಿ. ಎಳೆಯುವಾಗ ಒತ್ತುವುದಕ್ಕಿಂತ ಹೆಚ್ಚು ಬಿಗಿ ಇರಬೇಕು, ಎರಡೂ ದಿಕ್ಕಿನಲ್ಲಿ ತಡೆ ನಡುವೆ ಎಲ್ಲೂ ತಪ್ಪದೆ ಉದ್ದಕ್ಕೂ ಸಿಗಬೇಕು. ದಿಕ್ಕು ಬದಲಿಸುವಾಗ ಒಂದಿಷ್ಟು ದೂರ ಖಾಲಿ ಹೋದರೆ, ಅಥವಾ ಕಡ್ಡಿಯ ಬಳಿ ಎಣ್ಣೆಯ ಜಿಗುಟು ಕಂಡರೆ, ಜೊತೆಯಾಗಿ ಬದಲಿಸಿ. ಗ್ಯಾಸ್ ಬೇಕಿಲ್ಲ. ಒಳಗಿನ ಒತ್ತಡ ಕಡ್ಡಿಯನ್ನು ಸದಾ ಹೊರಕ್ಕೆ ತಳ್ಳುವುದರಿಂದ ಹಗುರ ಗಾಡಿ ಸ್ವಲ್ಪ ಎದ್ದು ನಿಲ್ಲುತ್ತದೆ, ಸಣ್ಣ ಗುಂಡಿಗೆ ಮತ್ತೆ ಗಡಸೆನಿಸುತ್ತದೆ. ಮೂಲದ ಉದ್ದ, ಮೂಲದ ತುದಿಗಳಿರುವ ಎಣ್ಣೆಯ ಶಾಕ್ ಸಾಕು.

ನೀವು ಬಂಪ್ ಸ್ಟಾಪ್ ನೋಡಿದ್ದು ಬಹಳ ಒಳ್ಳೆಯದಾಯಿತು. ಎಡಗಡೆಯ ಹೊಡೆತದಲ್ಲಿ ಒಂದು ಪಾಲು ಅಲ್ಲಿಂದಲೇ ಬರುತ್ತಿದೆ. ಆಕ್ಸಲ್ ಚಲಿಸಲು ಜಾಗವಿಲ್ಲದೆ ರಬ್ಬರಿಗೆ ಬಡಿಯುತ್ತಿದೆ. ಪಟ್ಟಿ ತನ್ನ ಬಾಗಿಗೆ ಬಂದರೆ ಆ ಜಾಗ ತಾನಾಗಿ ಸಿಗುತ್ತದೆ. ಹಿಂಭಾಗ ಎದ್ದ ಮೇಲೆ ಮುಂಭಾಗ ತಗ್ಗಿದಂತೆ ಅಥವಾ ಎತ್ತರವಾದಂತೆ ಕಂಡರೂ ಕಾಯಿಲ್ ಸ್ಪ್ರಿಂಗನ್ನು ಕತ್ತರಿಸಲು ಯಾರಿಗೂ ಬಿಡಬೇಡಿ; ಸುತ್ತು ಕಡಿಮೆಯಾದಷ್ಟೂ ಕಾಯಿಲ್ ಗಡಸಾಗುತ್ತದೆ. ಅದನ್ನು ಬಿಚ್ಚಬೇಕಾಗಿ ಬಂದರೆ ಸ್ಪ್ರಿಂಗ್ ಕಂಪ್ರೆಸರ್ ಇರುವವರ ಬಳಿಯೇ ಬಿಚ್ಚಿಸಿ.

ಕಿಂಗ್‌ಪಿನ್ ಹಾಗೂ ಪಟ್ಟಿಯ ಕೆಲಸ ಮುಗಿದು, ಹೊಸ ಟೈರ್ ಬಂದ ನಂತರ ಗಾಡಿಯನ್ನು ಒಂದು ವಾರ ಓಡಿಸಿ ಸ್ಪ್ರಿಂಗುಗಳು ಕೂರಲಿ. ಆಮೇಲೆ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯೂ-ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಆನಂತರವೇ ಪಾಂಡವಪುರದ ಮೂಲಕ ಮೇಲುಕೋಟೆಗೆ ಹೊರಡಿ. ಕಿಟ್ ಬಂದಾಗ ಪಿನ್ನಿಗೂ ಬುಷ್‌ಗೂ ನಡುವಿನ ಅಳತೆಯನ್ನು ಇಲ್ಲಿ ಬರೆಯಿರಿ. ಬುಷ್ ಕೂರಿಸಿದ ಮೇಲೆ ಅದನ್ನು ಪಿನ್ನಿನ ಅಳತೆಗೆ ರೀಮರ್ (ರಂಧ್ರವನ್ನು ಅಳತೆಗೆ ಕೊರೆದು ನಯಮಾಡುವ ಉಪಕರಣ) ಹಾಕಿಸಬೇಕಾಗುತ್ತದೆ, ಅದಕ್ಕೆ ಲೇತ್ ಕೆಲಸದವರು ಬೇಕು.