ಸಹಾಯ ಬೇಕು: ಕೆರೆಯ ಪಿರಮಿಡ್ ತಲೆಕೆಳಗಾಗುವುದು ಹೇಗೆ?

ನಮಸ್ಕಾರ. ಗಂಗಾವತಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಪರಿಸರ ವಿಜ್ಞಾನದ ಶುರುವಿನ ಪಾಠದಲ್ಲೇ ಸಿಕ್ಕಿಬಿದ್ದಿದ್ದೇನೆ. ಲಿಂಡೆಮನ್ ಎಂಬ ವಿಜ್ಞಾನಿಯ ಹೆಸರಿನ ಶೇ. 10ರ ನಿಯಮ ಅರ್ಥವಾಯಿತು: ತಿನ್ನುವ ಸರಪಳಿಯಲ್ಲಿ ಒಂದು ಹಂತದ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಮುಂದಿನ ಹಂತಕ್ಕೆ ಸೇರುತ್ತದೆ. ನಮ್ಮ ಗದ್ದೆಯನ್ನೇ ಇಟ್ಟುಕೊಂಡು ಬರೆದೆ: ಭತ್ತದಲ್ಲಿ 1000 ಜೌಲ್ ಶಕ್ತಿ ಇದ್ದರೆ ಮಿಡತೆಗೆ ಸುಮಾರು 100, ಕಪ್ಪೆಗೆ 10, ಹಾವಿಗೆ 1. ಉಳಿದದ್ದರಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ. (ಗದ್ದೆಯಲ್ಲಿ ಹಾವು ಯಾಕೆ ಕಮ್ಮಿ ಅಂತ ಈಗ ಗೊತ್ತಾಯ್ತು!)

ಆದರೆ ಕೆರೆ, ಸಮುದ್ರದಲ್ಲಿ ಜೀವರಾಶಿಯ ಪಿರಮಿಡ್ (ಪ್ರತಿ ಹಂತದ ಜೀವಿಗಳ ಒಟ್ಟು ತೂಕವನ್ನು ಒಂದರ ಮೇಲೊಂದು ಜೋಡಿಸಿ ತೋರಿಸುವ ಚಿತ್ರ) ತಲೆಕೆಳಗಾಗಬಹುದಂತೆ. ಅಂದರೆ ತೇಲುವ ಸಣ್ಣ ಪಾಚಿಗಿಂತ ಅದನ್ನು ತಿನ್ನುವ ಜೀವಿಗಳ ತೂಕವೇ ಜಾಸ್ತಿ. ಶಕ್ತಿಯ ಪಿರಮಿಡ್ ಮಾತ್ರ ಯಾವಾಗಲೂ ನೆಟ್ಟಗೆ! ಗೈಡ್ ಎರಡು ಸಲ ಓದಿದೆ, ವಿಡಿಯೊನೂ ನೋಡಿದೆ. ‘ಪಾಚಿ ಬೇಗ ಬೇಗ ಹುಟ್ಟುತ್ತದೆ’ ಅಂತ ಒಂದೇ ಸಾಲು, ಸುಮ್ನೆ ಮುಂದಕ್ಕೆ ಹೋಗಿಬಿಡುತ್ತಾರೆ.

ಕಮ್ಮಿ ತೂಕದ ಪಾಚಿ ಜಾಸ್ತಿ ತೂಕದ ಜೀವಿಗಳನ್ನು ಸಾಕುವುದು ಹೇಗೆ? ಯಾರಾದರೂ ಒಂದು ವಾರದ ಲೆಕ್ಕ ಹಾಕಿ ತೋರಿಸುತ್ತೀರಾ?