ಸಮಸ್ಯೆ: ‘ದುಂಡು ಕಂಡಿಗೆ ಚೌಕ ಬೆಣೆಯೆ ಸರಿಯೈ’

ಮಿತ್ರರೇ, ಪಂಚಮಾತ್ರಾ ಚೌಪದಿಯ (ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲಿನ ಪದ್ಯ) ಕೊನೆಯ ಸಾಲು ಮೇಲಿದೆ. ‘ಂಡ’ ಪ್ರಾಸ. ತಾನಿರುವ ಜಾಗಕ್ಕೆ ಹೊಂದದವನನ್ನು ಇಂಗ್ಲಿಷಿನವರು ‘ದುಂಡು ತೂತಿನ ಚೌಕ ಬೆಣೆ’ ಎನ್ನುತ್ತಾರೆ. ಸಿಡ್ನಿ ಸ್ಮಿತ್ ಎಂಬ ಪಾದ್ರಿ 1804–06ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸಗಳಲ್ಲಿ, ಚೌಕದ ಮನುಷ್ಯ ದುಂಡು ತೂತಿನೊಳಗೆ ಹೇಗೋ ತುರುಕಿಕೊಂಡಿರುತ್ತಾನೆ ಎಂದಿದ್ದರು. ನೀವು ಮೊದಲ ಮೂರು ಸಾಲು ಬರೆದು ಮೇಲಿನ ಮಾತನ್ನು ಸರಿಯೆನಿಸಬೇಕು.

ಪೂರಣ 1

ಕಂಡೆನಾಂ ಗಣಿತದೊಳ್ ಕರ್ಣಕಂ ವ್ಯಾಸಕಂ
ಮೊಂಡು ಜಗಳಂ ತೀರ್ದು ಸಮತೆಯಾಗಲ್
ತುಂಡಾಗದೆಯೆ ನಾಲ್ಕು ಮೂಲೆಗಳ್ ಮುಟ್ಟಿ ನಿಲೆ
ದುಂಡು ಕಂಡಿಗೆ ಚೌಕ ಬೆಣೆಯೆ ಸರಿಯೈ

— ಓಟ ಚೆನ್ನಾಗಿದೆ ಸರ್. ಆದರೆ ‘ಬೆಣೆಯೆ’ ಎಂಬಲ್ಲಿನ ಅವಧಾರಣೆಗೆ, ಅಂದರೆ ‘ಅದೇ ಆಗಬೇಕು’ ಎಂಬ ಒತ್ತಿಗೆ, ಉತ್ತರ ಸಿಗಲಿಲ್ಲ. ಕರ್ಣ ವ್ಯಾಸದಷ್ಟೇ ಇದ್ದರೂ ಚೌಕ ತುಂಬುವುದು ವೃತ್ತದ ಸುಮಾರು 64% ಮಾತ್ರ. ಚೌಕದ ತೂತಿಗೆ ದುಂಡು ಬೆಣೆ ಹಾಕಿದರೆ 79% ತುಂಬುತ್ತದೆ. ಹಾಗಿರುವಾಗ ಚೌಕವೇ ಏಕೆ?

— ಒಪ್ಪಿದೆ. ಗಣಿತ ಬಿಟ್ಟು ಮರಗೆಲಸಕ್ಕೆ ಬಂದಿದ್ದೇನೆ, ನೋಡಿ:

ಉಂಡೆ ಬೆಣೆ ತಿರುತಿರುಗಿ ಸಡಿಲಿರಲ್ ತೊಲೆಯೊಳಗೆ
ಕಂಡು ಬಡಗಿಯು ಮರದ ಮನವನರಿತಂ
ಮೊಂಡಾಗದಂಚುಗಳ್ ಕಚ್ಚಿ ಹಿಡಿಯುವುದರಿಂ
ದುಂಡು ಕಂಡಿಗೆ ಚೌಕ ಬೆಣೆಯೆ ಸರಿಯೈ

— ಈಗ ‘ಎ’ಕಾರ ಗಟ್ಟಿಯಾಗಿ ಕೂತಿತು! ‘ಮರದ ಮನ’ ಬಹಳ ಹಿಡಿಸಿತು.

ಪೂರಣ 2

ಗಂಡಾಂತರದ ಗಳಿಗೆ, ಉಸಿರು ಕಟ್ಟುತ್ತಿರಲು
ಮಂಡೆಯೋಡಿಸಿ ಭುವಿಯೊಳಿರ್ದ ನಿಪುಣರ್
ಕಂಡ ಚೀಲವ ರಟ್ಟನಂಟಿನಿಂ ಸುತ್ತಲಾ
ದುಂಡು ಕಂಡಿಗೆ ಚೌಕ ಬೆಣೆಯೆ ಸರಿಯೈ

ಸಂದರ್ಭ: ಅಮೆರಿಕದ ಚಂದ್ರಯಾನ ಅಪೊಲೊ 13, ಏಪ್ರಿಲ್ 1970. ಆಮ್ಲಜನಕದ ತೊಟ್ಟಿ ಸಿಡಿದ ಮೇಲೆ ಲವೆಲ್, ಸ್ವೈಗರ್ಟ್, ಹೇಸ್ ಮೂವರೂ ಚಂದ್ರನೌಕೆಗೆ ಸರಿದರು. ಅದನ್ನು ಕಟ್ಟಿದ್ದು ಇಬ್ಬರಿಗೆ, ಸುಮಾರು 2 ದಿನಕ್ಕೆ. ಅವರು ಬಿಡುವ ಇಂಗಾಲದ ಡೈಆಕ್ಸೈಡ್ ಹೀರಲು ಅಲ್ಲಿದ್ದ ದುಂಡು ಡಬ್ಬಿಗಳು ಸಾಲವು. ಮುಖ್ಯ ನೌಕೆಯಲ್ಲಿ ಡಬ್ಬಿಗಳು ಬೇಕಾದಷ್ಟಿದ್ದವು, ಆದರೆ ಎಲ್ಲವೂ ಚೌಕ. ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದ ಎಂಜಿನಿಯರುಗಳು ಪ್ಲಾಸ್ಟಿಕ್ ಚೀಲ, ಕೈಪಿಡಿಯ ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿ ಸೇರಿಸಿ ಜೋಡಣೆ ಹೊಂದಿಸಿದರು. ಮಾಡುವ ಬಗೆಯನ್ನು ರೇಡಿಯೋದಲ್ಲಿ ಒಂದೊಂದೇ ಹಂತ ಓದಿ ಹೇಳಿದರು. ವಿಷಗಾಳಿ ಇಳಿಯಿತು.

— ಮೇಡಂ, ಎದ್ದು ನಿಂತು ನಮಸ್ಕರಿಸಿದೆ. ಇಲ್ಲಿ ‘ಬೆಣೆಯೆ’ ಅನ್ನುವುದು ಅಕ್ಷರಶಃ ನಿಜ, ಉಳಿದಿದ್ದುದೇ ಚೌಕ! ಬೆಣೆಯ ಮೂಲೆಯನ್ನು ಯಾರೂ ಕೆತ್ತಲಿಲ್ಲ, ಕಂಡಿಯನ್ನೂ ಒಡೆಯಲಿಲ್ಲ, ನಡುವೆ ಸೇತುವೆ ಕಟ್ಟಿದರು. ‘ಉಸಿರು ಕಟ್ಟುತ್ತಿರಲು’ ಎಂಬಲ್ಲಿ ದ್ವಿತ್ವಗಳ ಒತ್ತಡಕ್ಕೆ ಓದುವವರ ಉಸಿರೂ ಹಿಡಿಯುತ್ತದೆ.

— ಸ್ಮಿತ್ ಹೇಳಿದ್ದು ಮನುಷ್ಯರ ಮಾತು. ಅಂಥ ಒಬ್ಬರ ಮೇಲೆ ಇನ್ನೂ ಯಾರೂ ಬರೆದಿಲ್ಲ. ಭಾನುವಾರದವರೆಗೆ ಕಾಯುತ್ತೇನೆ.